ಎಂಬತ್ತೆರಡರ ಬದಲು ಇಪ್ಪತ್ತು

ಬೆಳಗ್ಗೆ ಎದ್ದಾಗಿನಿಂದ ಮೋಹನ್‌ಕುಮಾರನಿಗೆ ಎದುರಿಗೆ ಬಂದವರನ್ನೆಲ್ಲ ಕೀಳಾಗಿ ಕಾಣುವುದೇ ಒಂದು ಕೆಲಸವಾಗಿತ್ತು. ಮೊದಲು ಹೆಂಡತಿ. ಅವಲಕ್ಕಿ ತಟ್ಟೆ ಮುಂದಿಟ್ಟ ಪ್ರೀತಿ, ‘ಹೆಂಗೂ ನರ್ಸರಿಗೆ ಹೊಂಟೀರಿ, ಒಂದು ಕರಿಬೇವಿನ ಗಿಡ ತಗಂಬರ್ರಿ. ನೆಡಾಕೆ ಮಾತ್ರ ಹೋಗಬ್ಯಾಡ್ರಿ, ನಾನೇ ನೆಡ್ತೀನಿ’ ಎಂದಿದ್ದಳು. ಹಿತ್ತಲಲ್ಲಿ ಅವನು ನೆಟ್ಟ ದಾಸವಾಳ ಹೋಯಿತು, ನುಗ್ಗೆ ಹೋಯಿತು, ಎಲ್ಲಿ ಬಿಸಾಡಿದರೂ ಬದುಕುವ ದೊಡ್ಡಪತ್ರೆ ಕೂಡ ಹೋಯಿತು; ಹಾಗಾಗಿ ಗಂಡನ ಕೈಗುಣ ಸರಿಯಿಲ್ಲ ಎಂಬುದು ಆ ಮನೆಯಲ್ಲಿ ಇತ್ಯರ್ಥವಾಗಿ ಹೋದ ವಿಷಯ. ಮೂರೇ ಮೂರು ಗಿಡದಿಂದ ಒಬ್ಬ ಮನುಷ್ಯನ ಕೈಯ ಬಗ್ಗೆ ಏನೂ ಹೇಳಲು ಬರುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದವನು, ಅವಳು ಆಗಲೇ ಕುಕ್ಕರಿನ ಸೀಟಿ ಎಣಿಸುತ್ತಿರುವುದನ್ನು ಕಂಡು ಮುಚ್ಚಿಕೊಂಡ. ಆಮೇಲೆ ಬಸ್ಸು. ದುರ್ಗದಿಂದ ಹಿರಿಯೂರಿಗೆ ಹೋಗುವ ಆ ಬಸ್ಸಿನಲ್ಲಿ ಪಕ್ಕದವನು ಫೋನನ್ನು ಕಿವಿಗೆ ಹಿಡಿಯದೆ ಬಾಯಿಯ ಮುಂದೆ ಹಿಡಿದುಕೊಂಡು, ಮಗಳಿಗೆ ಬಂದ ಎರಡು ಗಂಡುಗಳಲ್ಲಿ ಯಾವುದು ಆಗಿಬರುತ್ತದೆ ಎಂದು ಯಾರನ್ನೋ ಕೇಳುತ್ತಿದ್ದ. ಆ ಕಡೆಯವನು ದಕ್ಷಿಣ ದಿಕ್ಕಿನದು ಬೇಡ ಎನ್ನುತ್ತಿದ್ದ. ಹೋದ ಸಲ ದಕ್ಷಿಣದಿಂದ ತಂದ ಅಳಿಯ ಕುಡುಕನಾದನಂತೆ. ಒಬ್ಬ ಅಳಿಯ, ಒಂದು ದಿಕ್ಕು, ಮುಗಿಯಿತು ಶಾಸ್ತ್ರ. ಇಂಥವರ ಜಿಲ್ಲೆಯಲ್ಲಿ ಕೂತು ಹತ್ತೊಂಬತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದೆನಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಎಂದುಕೊಂಡು ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯ ಗಾಜಿಗೆ ಯಾರೋ ಎಲೆಅಡಿಕೆ ಉಗಿದಿದ್ದರು.

ಅವನು ಹೊರಟಿದ್ದು ಹರಿಯಬ್ಬೆಯ ಹತ್ತಿರ ತಿಪ್ಪೇಶ್ ಎಂಬಾತನ ನರ್ಸರಿಗೆ. ಕೆಲಸ ಚಿಕ್ಕದು. ಎರಡು ತಿಂಗಳ ಹಿಂದೆ ತಾನೇ ಬರೆದುಕೊಟ್ಟ ಒಂದೂವರೆ ಪುಟದ ವರದಿಯನ್ನು ಅಲ್ಲಿ ಕಸಿ ಹಾಕುವ ಹೆಂಗಸರ ಮುಂದೆ ಕನ್ನಡದಲ್ಲಿ ಹೇಳಿ ಬರುವುದು. ಹೇಳಿದ ಮೇಲೆ ಏಕಾಂತಮ್ಮ ಎಂಬ ಹೆಂಗಸು ಕಸಿ ಚಾಕು ಕೆಳಗಿಟ್ಟು, ನಾಳೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಮೂವತ್ತು ವರ್ಷದಿಂದ ಹುಣಸೆ ಕಸಿ ಹಾಕುತ್ತಿರುವವಳು. ಅವಳ ಕೈಗುಣ ದೊಡ್ಡದು, ಅವಳು ಮುಟ್ಟಿದ ಕಸಿ ಹಿಡಿದೇ ಹಿಡಿಯುತ್ತದೆ ಎಂದು ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಬಂದು ಅವಳ ಗಿಡವೇ ಬೇಕೆಂದು ಕೇಳಿ ಒಯ್ಯುವವರಿದ್ದಾರೆ. ಆದರೆ ಅವಳ ಕೈ ನಿಧಾನ. ದಿನಕ್ಕೆ ಅರವತ್ತು ಹಾಕಿದರೆ ಹೆಚ್ಚು. ಹೊಸಬಳಾದ ಚೌಡೇಶ್ವರಿ ನೂರಿಪ್ಪತ್ತು ಹಾಕುತ್ತಾಳೆ. ಇಬ್ಬರ ಕೈಯಲ್ಲೂ ಒಂದೇ ಪ್ರಮಾಣದಲ್ಲಿ ಕಸಿ ಹಿಡಿಯುವುದಾದರೆ ಅರವತ್ತರವಳನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬುದು ತಿಪ್ಪೇಶನ ಪ್ರಶ್ನೆ. ‘ನಾನು ಹೇಳಿದ್ರೆ ಮುದುಕಿಗೆ ಅನ್ಯಾಯ ಮಾಡ್ದ ಅಂತಾರೆ ಸಾರ್. ನೀವು ಹೇಳಿದ್ರೆ ಅದು ಸೈನ್ಸು’ ಎಂದು ಅವನು ಫೋನಿನಲ್ಲಿ ನಕ್ಕಿದ್ದ. ಆ ನಗೆಗೆ ಮೋಹನ್‌ಕುಮಾರನೂ ನಕ್ಕಿದ್ದ, ಯಾಕೆಂದರೆ ತಿಪ್ಪೇಶ್ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ, ಮತ್ತು ಈ ವರ್ಷ ಸಂಖ್ಯಾಶಾಸ್ತ್ರಕ್ಕೆ ಸೇರಿದವರು ಏಳೇ ಜನ. ಏಳು ಜನಕ್ಕೊಂದು ವಿಭಾಗ ಯಾಕೆ, ಕಾಮರ್ಸಿನ ಜೊತೆ ಸೇರಿಸಿಬಿಡೋಣ ಎಂದು ಪ್ರಾಂಶುಪಾಲರು ಸ್ಟಾಫ್ ಮೀಟಿಂಗಿನಲ್ಲಿ ಬಿಸ್ಕತ್ತು ಅದ್ದುತ್ತ ಹೇಳಿದ್ದರು. ಅದ್ದಿದ ಬಿಸ್ಕತ್ತು ಮುರಿದು ಟೀಯಲ್ಲಿ ಬಿದ್ದಾಗ ಎಲ್ಲರೂ ಅಯ್ಯೋ ಎಂದರು. ವಿಭಾಗದ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಐಮಂಗಲ ದಾಟಿತು. ವರದಿಯ ಪ್ರತಿ ಬ್ಯಾಗಿನಲ್ಲಿತ್ತು, ಅವನು ತೆಗೆಯಲಿಲ್ಲ. ತೆಗೆಯದೆಯೂ ಅದು ಕಣ್ಣ ಮುಂದೆ ಇತ್ತು. ಏಕಾಂತಮ್ಮ: ಹಾಕಿದ ಇಪ್ಪತ್ತು ಕಸಿಯಲ್ಲಿ ಹಿಡಿದದ್ದು ಹದಿನಾರು. ಚೌಡೇಶ್ವರಿ: ಇಪ್ಪತ್ತರಲ್ಲಿ ಹನ್ನೆರಡು. ಇಬ್ಬರ ನಡುವೆ ವ್ಯತ್ಯಾಸವಿದೆ ಎಂಬುದು ಸಾಬೀತಾಗಿಲ್ಲ. ಸಾಬೀತಾಗಿಲ್ಲ ಎಂದು ಅವನು ಬರೆದದ್ದನ್ನು ತಿಪ್ಪೇಶ್ ‘ವ್ಯತ್ಯಾಸ ಇಲ್ಲ’ ಎಂದು ಓದಿಕೊಂಡ, ಓದಿಕೊಳ್ಳುತ್ತಾನೆ ಎಂದು ಇವನಿಗೆ ಬರೆಯುವಾಗಲೇ ಗೊತ್ತಿತ್ತು. ಅಸಲು ಲೆಕ್ಕ ಬೇರೆ. ಒಬ್ಬಳ ಕೈಯಲ್ಲಿ ನಿಜವಾಗಿಯೂ ನೂರಕ್ಕೆ ಎಂಬತ್ತು, ಇನ್ನೊಬ್ಬಳ ಕೈಯಲ್ಲಿ ನೂರಕ್ಕೆ ಅರವತ್ತು ಹಿಡಿಯುತ್ತವೆ ಎಂದಿಟ್ಟುಕೊಂಡರೆ, ಆ ವ್ಯತ್ಯಾಸ ಪರೀಕ್ಷೆಯ ಕಣ್ಣಿಗೆ ನೂರರಲ್ಲಿ ಎಂಬತ್ತು ಸಲವಾದರೂ ಬೀಳಬೇಕಾದರೆ ಒಬ್ಬೊಬ್ಬಳಿಗೆ ಎಂಬತ್ತೆರಡು ಗಿಡ ಕೊಡಬೇಕು. ಇಪ್ಪತ್ತೇ ಕೊಟ್ಟರೆ ನೂರರಲ್ಲಿ ಇಪ್ಪತ್ತೊಂಬತ್ತು ಸಲ ಕಂಡೀತು. ಉಳಿದ ಎಪ್ಪತ್ತೊಂದು ಸಲ ವ್ಯತ್ಯಾಸ ಎದುರಿಗೇ ನಿಂತಿದ್ದರೂ ಪರೀಕ್ಷೆ ಏನೂ ಕಾಣದೆ ಹಾದುಹೋಗುತ್ತದೆ. ರಾಗಿ ಚೀಲದಲ್ಲಿ ಮೂಗುಬೊಟ್ಟು ಬಿದ್ದಿದೆ ಎಂದರೆ ಒಂದು ಹಿಡಿ ತೆಗೆದು ನೋಡಿ ಇಲ್ಲವಲ್ಲ ಅಂದ ಹಾಗೆ. ಪರೀಕ್ಷೆಯ ಈ ಕಸುವಿಗೆ ಪುಸ್ತಕದಲ್ಲಿ ಪವರ್ ಎಂದು ಹೆಸರು. ಅದನ್ನು ಪ್ರಯೋಗಕ್ಕೆ ಮೊದಲೇ ಲೆಕ್ಕ ಹಾಕಬೇಕು, ಮತ್ತು ಅವನು ಹಾಕಿದ್ದ. ಅದೇ ಅವನನ್ನು ಕುಟುಕುತ್ತಿದ್ದದ್ದು. ಗೊತ್ತಿಲ್ಲದವನು ತಪ್ಪು ಮಾಡಿದರೆ ದಡ್ಡ ಎನ್ನಬಹುದು. ತನ್ನಂಥವನಿಗೆ ಏನನ್ನಬೇಕು?

ಪ್ರಯೋಗಕ್ಕೆ ಮೊದಲು, ಅವತ್ತು ತಿಪ್ಪೇಶನ ಕಾರಿನಲ್ಲಿ ಹಿಂದಿನ ಸೀಟಿನ ತುಂಬ ಗೊಬ್ಬರದ ವಾಸನೆ. ಇವನು ಕಾಗದ ತೋರಿಸಿ ಎಂಬತ್ತೆರಡು ಎಂದಾಗ ತಿಪ್ಪೇಶ್ ಗೇರು ಬದಲಿಸುತ್ತ, ‘ಏನ್ ಸಾರ್, ನೂರಾ ಅರವತ್ನಾಕು ಗಿಡ ನಿಮ್ ಪರೀಕ್ಷೆಗೆ ಬಿಟ್ರೆ ನಾನು ಅಂಗಡಿ ಮುಚ್ಕಂಡು ಮಠಕ್ಕೆ ಹೋಗ್ಬೇಕಾತದೆ. ಇಪ್ಪತ್ತಿಪ್ಪತ್ತು ಮಾಡ್ರಿ ಸಾಕು’ ಎಂದಿದ್ದ. ಇವನು ಆಯ್ತು ಎಂದ. ಅಷ್ಟೇ, ಒಂದು ಸಲ ‘ಆದರೆ’ ಎಂದು ಕೂಡ ಅನ್ನಲಿಲ್ಲ. ಭಯದಿಂದ ಎಂದು ಈಗ ಸಮಾಧಾನ ಮಾಡಿಕೊಳ್ಳಬಹುದು, ಆದರೆ ಬರೀ ಭಯವಲ್ಲ. ಇವರಿಗೆ ಎಂಬತ್ತೆರಡು ಯಾಕೆ, ಈ ಜನಕ್ಕೆ ಇಪ್ಪತ್ತೇ ಹೆಚ್ಚು, ಎರಡು ಗಿಡದಲ್ಲಿ ತೀರ್ಮಾನ ಮಾಡುವವರಿಗೆ ಇಪ್ಪತ್ತು ಕೊಟ್ಟರೆ ಅದೇ ದೊಡ್ಡ ಉಪಕಾರ ಎಂದು ಒಳಗೆ ಒಂದು ಅಸಡ್ಡೆ ಇತ್ತು. ಜೊತೆಗೆ ಕೈಗುಣ ಎಂಬ ಮಾತು ಕೇಳಿದರೇ ಅವನ ಮೈ ಉರಿಯುತ್ತಿತ್ತು. ಕೈಗುಣ ಎಂಬುದೊಂದು ಇದ್ದರೆ ಅದು ಕೆಲವರ ಕೈಯಲ್ಲಿ ಇಲ್ಲ ಎಂದೂ ಆಗುತ್ತದಲ್ಲ. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುವಾಗ ಶನಿವಾರದ ಶ್ರಮದಾನದಲ್ಲಿ ಸಸಿ ನೆಡುವ ಪಾಳಿ ಬಂದರೆ ವಾರ್ಡನ್ ರಂಗಯ್ಯ, ‘ಲೇ ಹೊಳಲ್ಕೆರೆಯವ್ನೇ, ನೀನು ನೀರು ಹೊತ್ತಾಕು, ನೆಡೋದು ಬ್ಯಾಡ’ ಎಂದು ಎಲ್ಲರೆದುರಿಗೆ ಹೇಳುತ್ತಿದ್ದರು. ಯಾಕೆ ಹಾಗೆಂದರೋ ಇವತ್ತಿಗೂ ಗೊತ್ತಿಲ್ಲ. ಹುಡುಗರೆಲ್ಲ ನಕ್ಕಿದ್ದರು. ಅವನು ಕೊಡ ಹೊತ್ತು ಹೊತ್ತು ಅಂಗಿ ಒದ್ದೆ ಮಾಡಿಕೊಂಡು, ದೊಡ್ಡವನಾದ ಮೇಲೆ ಇವರಿಗೆಲ್ಲ ಬುದ್ಧಿ ಕಲಿಸಬೇಕು ಎಂದುಕೊಂಡಿದ್ದ. ಹಿರಿಯೂರು ಬಂತು, ಇಳೀರಿ, ಇಳೀರಿ ಎಂದು ಕಂಡಕ್ಟರ್ ಅವನ ಭುಜಕ್ಕೆ ಟಿಕೆಟ್ ಕಟ್ಟಿನಿಂದ ತಟ್ಟಿದ.

ಕಾರು ಕಳಿಸುತ್ತೇನೆ ಎಂದಿದ್ದ ತಿಪ್ಪೇಶ್ ತೆಂಗಿನ ನಾರಿನ ಪುಡಿ ತುಂಬಿದ ಗೂಡ್ಸ್ ಆಟೋ ಕಳಿಸಿದ್ದ. ‘ಕಾರು ಜವನಗೊಂಡನಹಳ್ಳಿಗೆ ಹೋಗೈತೆ ಸಾರ್, ಬರ್ರಿ, ಮುಂದೇನೇ ಕುಂತ್ಕಳ್ರಿ’ ಎಂದು ಡ್ರೈವರ್ ತನ್ನ ಸೀಟಿನಲ್ಲಿ ಅರ್ಧ ಬಿಟ್ಟುಕೊಟ್ಟ. ಆ ಅರ್ಧದಲ್ಲಿ ಕೂತು, ಒಂದು ತೊಡೆ ಹೊರಗೆ ನೇತುಹಾಕಿಕೊಂಡು, ಬ್ಯಾಗನ್ನು ಎದೆಗೆ ಅವಚಿಕೊಂಡು ಹೋಗುತ್ತಿರುವ ತನ್ನನ್ನು ದಾರಿಯಲ್ಲಿ ಯಾರಾದರೂ ಹಳೆಯ ವಿದ್ಯಾರ್ಥಿ ನೋಡಿಯಾನು ಎಂದು ಮೋಹನ್‌ಕುಮಾರ್ ತಲೆ ಬಗ್ಗಿಸಿಕೊಂಡ. ಯಾರೂ ನೋಡಲಿಲ್ಲ, ನೋಡಿದವರಿಗೂ ಅವನು ಯಾರೆಂದು ಗೊತ್ತಿರಲಿಲ್ಲ. ನರ್ಸರಿಯಲ್ಲಿ ತಿಪ್ಪೇಶ್ ಬಿಳಿ ಅಂಗಿಯ ಜೇಬಿನಲ್ಲಿ ಎರಡು ಫೋನು ಇಟ್ಟುಕೊಂಡು, ಗಿರಾಕಿಯೊಬ್ಬನಿಗೆ ಸೀತಾಫಲದ ಸಸಿ ತೋರಿಸುತ್ತಿದ್ದ. ದೂರದಿಂದಲೇ ಕೈ ಎತ್ತಿ, ‘ಬಂದ್ರಾ ಸಾರ್, ಹತ್ತು ನಿಮಿಷ, ಅಲ್ಲಿ ನೆಳ್ಳಾಗೆ ಕುಂತಿರ್ರಿ’ ಎಂದ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಹಸಿರು ಪರದೆಯ ಕೆಳಗೆ ಎಂಟು ಹೆಂಗಸರು ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂತಿದ್ದರು. ಬೆರಳು ದಪ್ಪದ ಹುಣಸೆ ಸಸಿಯ ತಲೆ ಕತ್ತರಿಸಿ, ಸೀಳಿ, ಒಳ್ಳೆಯ ಮರದಿಂದ ತಂದ ಕಡ್ಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಸೀಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕುತ್ತಿದ್ದರು. ಏಳು ಜನ ಮಾತಾಡುತ್ತ ಹಾಕುತ್ತಿದ್ದರು. ಕೊನೆಯವಳು ಮಾತಾಡುತ್ತಿರಲಿಲ್ಲ. ಕಡ್ಡಿ ಇಳಿಸಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಸರಿಬಾರದಿದ್ದರೆ ತೆಗೆದು, ಇನ್ನೊಂದು ಸಲ ಹೆರೆದು, ಮತ್ತೆ ಇಳಿಸುತ್ತಿದ್ದಳು. ಇಪ್ಪತ್ತು ಗಿಡ ಎಣಿಸಿದವನಿಗೆ ಅವಳು ಹೀಗೆ ತೆಗೆದು ಮತ್ತೆ ಇಳಿಸುವುದು ಇವತ್ತೇ ಮೊದಲ ಸಲ ಕಂಡಿತು. ಇವಳೇ ಏಕಾಂತಮ್ಮ ಎಂದು ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಕೈಯ ಲೆಕ್ಕ ಹಾಕಿದ್ದ, ಮುಖ ಸರಿಯಾಗಿ ನೋಡಿರಲಿಲ್ಲ.

ಟೀ ತಂದವಳು ಚೌಡೇಶ್ವರಿ. ಇಪ್ಪತ್ತಾರು ಇಪ್ಪತ್ತೇಳರ ಹೆಂಗಸು, ಬೆರಳಿಗೆಲ್ಲ ಹುಣಸೆಯ ಕರೆ. ಲೋಟ ಕೊಟ್ಟವಳು ಹೋಗದೆ ನಿಂತಳು. ಇನ್ನು ಇವಳು ತಮ್ಮನಿಗೆ ಕಾಲೇಜಿನಲ್ಲಿ ಸೀಟು ಕೇಳುತ್ತಾಳೆ ಎಂದುಕೊಂಡು ಅವನು ಟೀಯೊಳಗೆ ನೋಡುತ್ತ ಕೂತ. ‘ಸಾರ್, ಒಂದು ತಪ್ಪಾಗೈತೆ’ ಎಂದಳು. ‘ಏನು?’ ‘ಅವತ್ತು ಲೆಕ್ಕದ ಗಿಡ ಹಾಕಿದ್ವಲ್ಲ, ನನ್ನ ಇಪ್ಪತ್ತರಾಗೆ ಮೊದಲ್ನೇ ಐದು ನಾನು ಹಾಕ್ಲಿಲ್ಲ ಸಾರ್. ದೊಡ್ಡಮ್ಮನ ಕೈಲಿ, ಏಕಾಂತಮ್ಮನ ಕೈಲಿ ಹಾಕ್ಸಿದೆ. ಇಲ್ಲಿ ಹೊಸ ಕೆಲಸ ಹಿಡಿದ್ರೆ ಯಾರೇ ಆಗ್ಲಿ ಮೊದಲ್ನೇ ಐದು ದೊಡ್ಡಮ್ಮಂದೇ. ಐದು ಅಂದ್ರೆ ಶಾಸ್ತ್ರ. ಬ್ಯಾಡ ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ. ನೀವು ಆಗ ಇರ್ಲಿಲ್ಲ.’ ಅವನು ಇರಲಿಲ್ಲ. ತಿಪ್ಪೇಶನ ಜೊತೆ ರಸ್ತೆಯ ಆಚೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ. ವರದಿಯಲ್ಲಿ ‘ನನ್ನ ಸಮಕ್ಷಮದಲ್ಲಿ’ ಎಂದು ಬರೆದಿದ್ದ. ‘ಯಾವ ಐದು?’ ಎಂದು ಕೇಳುವಾಗಲೇ ಅವನಿಗೆ ಉತ್ತರ ಹೊಳೆಯಿತು. ‘ಅರಿಸಿನ ಹಚ್ಚಿದ್ವಲ್ಲ ಸಾರ್, ಚೀಲಕ್ಕೆ.’ ಹೌದು, ಹಚ್ಚಿದ್ದರು. ನಲವತ್ತೈದನೆಯ ದಿನ ಚಿಗುರು ಎಣಿಸಲು ಬಂದಾಗ ಚೌಡೇಶ್ವರಿಯ ಗಿಡಗಳಲ್ಲಿ ಐದು ಚೀಲಕ್ಕೆ ಅರಿಸಿನದ ಬೊಟ್ಟು ಇದ್ದದ್ದನ್ನು ಅವನು ಕಂಡಿದ್ದ. ಯಾಕೆ ಎಂದು ಕೇಳಿರಲಿಲ್ಲ. ಫೋಟೋ ತೆಗೆದು, ‘ನಮ್ಮ ವಿಜ್ಞಾನದ ಸ್ಥಿತಿ’ ಎಂದು ಬರೆದು, ದಾವಣಗೆರೆಯ ಒಬ್ಬ ಸ್ನೇಹಿತನಿಗೆ ಕಳಿಸಿದ್ದ. ಸ್ನೇಹಿತ ನಗುವ ಮುಖಗಳನ್ನು ಕಳಿಸಿದ್ದ, ನಾಲ್ಕು. ‘ಆ ಐದರಾಗೆ ಎಷ್ಟು ಹಿಡಿದ್ವು?’ ಎಂದ. ಚೌಡೇಶ್ವರಿ ಇದೆಂಥ ಪ್ರಶ್ನೆ ಎಂಬಂತೆ ನೋಡಿ, ‘ಐದೂ ಹಿಡಿದ್ವು ಸಾರ್’ ಎಂದಳು.

ಅವನು ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು ಅದರ ಹಿಂದೆ ಬರೆದ. ಬರೆಯಬೇಕಾದದ್ದು ಹೆಚ್ಚಿರಲಿಲ್ಲ. ಏಕಾಂತಮ್ಮ ಹಾಕಿದ್ದು ಇಪ್ಪತ್ತಲ್ಲ, ಇಪ್ಪತ್ತೈದು. ಹಿಡಿದದ್ದು ಹದಿನಾರು ಮತ್ತು ಐದು, ಇಪ್ಪತ್ತೊಂದು. ಚೌಡೇಶ್ವರಿ ಹಾಕಿದ್ದು ಹದಿನೈದು, ಹಿಡಿದದ್ದು ಏಳು. ಒಬ್ಬಳದು ನೂರಕ್ಕೆ ಎಂಬತ್ತನಾಲ್ಕು, ಇನ್ನೊಬ್ಬಳದು ಅರ್ಧವೂ ಇಲ್ಲ. ಫೋನಿನಲ್ಲಿ ಭಾಗಿಸಿ, ವರ್ಗಮೂಲ ತೆಗೆದು, ಮತ್ತೆ ಭಾಗಿಸಿದ. ಎರಡು ಪಾಯಿಂಟ್ ನಾಲ್ಕು ಒಂಬತ್ತು. ಒಂದು ಪಾಯಿಂಟ್ ಒಂಬತ್ತು ಆರು ದಾಟಿದರೆ ಸಾಬೀತು ಎಂದು ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದವನು ಅವನೇ. ನೂರರಲ್ಲಿ ಎಪ್ಪತ್ತೊಂದು ಸಲ ಕುರುಡಾಗಿರುವ ಅವನ ಬಡಕಲು ಪರೀಕ್ಷೆಗೆ ಕೂಡ ಆ ಹೆಂಗಸಿನ ಕೈ ಕಂಡುಬಿಟ್ಟಿತ್ತು. ಕಾಣದ ಹಾಗೆ ಮಾಡಿದ್ದು ಅವನ ಮಂಡಕ್ಕಿ ಮತ್ತು ಅವನ ಫೋಟೋ. ಒಂದು ಕ್ಷಣ ಅವನಿಗೆ ವಿಚಿತ್ರ ಸಂತೋಷವಾಯಿತು, ಪುಸ್ತಕದಲ್ಲಿರುವುದು ನಿಜವಾಗಿಯೂ ನಡೆಯುತ್ತದಲ್ಲ ಎಂಬ ಸಂತೋಷ. ಅದು ಮುಗಿಯುವ ಮೊದಲೇ ವರದಿಯ ಕೆಳಗಿನ ತನ್ನ ಸಹಿ, ಆಡಳಿತ ಮಂಡಳಿಯ ಉದ್ದ ಮೇಜು, ‘ಸಾರ್ ಲೆಕ್ಕನೇ ತಪ್ಪು ಮಾಡಿದ್ರಂತೆ’ ಎಂದು ಕಾಮರ್ಸಿನವರು ಕಾರಿಡಾರಿನಲ್ಲಿ ಆಡಿಕೊಳ್ಳುವುದು ಎಲ್ಲ ಒಟ್ಟಿಗೆ ಬಂದವು. ‘ದೊಡ್ಡಮ್ಮನ ಜಾಗಕ್ಕೆ ನನ್ನ ಕುಂದ್ರುಸ್ತೀನಿ ಅಂತಾರೆ ಸಾರ್. ನನ್ನ ಕೈಲಾಗಲ್ಲ. ಆ ಐದು ತೆಗೆದು ಲೆಕ್ಕ ಮಾಡ್ರಿ, ನಾನೇ ಹೇಳಿದೆ ಅಂತ ಬೇಕಾದ್ರೆ ಹೇಳ್ರಿ’ ಎಂದಳು ಚೌಡೇಶ್ವರಿ. ತನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗಾದರೂ ಇಷ್ಟು ತಿಳಿದಿತ್ತೇ, ಆ ಐದು ತೆಗೆದು ಲೆಕ್ಕ ಮಾಡಿ ಎನ್ನುವಷ್ಟು? ಅವರೆಲ್ಲ ಕೇಳಿದ್ದು ಒಂದೇ, ಸಾರ್ ಇದು ಪರೀಕ್ಷೆಗೆ ಬರುತ್ತಾ. ಅವನು ಟಿಕೆಟ್ಟನ್ನು ಮಡಚಿ, ಇನ್ನೊಂದು ಸಲ ಮಡಚಿ, ‘ಐದು ಗಿಡದಿಂದ ಏನೂ ಆಗಲ್ಲಮ್ಮ. ಇದನ್ನ ಯಾರ ಹತ್ರನೂ ಹೇಳಬೇಡ, ಸುಮ್ಮನೆ ಗೊಂದಲ ಆಗುತ್ತೆ’ ಎಂದ. ಅವಳು ತಲೆಯಾಡಿಸಿ ಖಾಲಿ ಲೋಟ ತೆಗೆದುಕೊಂಡು ಹೋದಳು.

ತಿಪ್ಪೇಶ್ ಎಲ್ಲರನ್ನೂ ಕರೆದು ಕೂರಿಸಿದ. ಇವನಿಗೆ ಪ್ಲಾಸ್ಟಿಕ್ ಕುರ್ಚಿ, ಹೆಂಗಸರಿಗೆ ನೆಲ. ‘ಕಾಲೇಜಿಂದ ದೊಡ್ಡ ಮೇಷ್ಟ್ರು ಬಂದವ್ರೆ, ಕಿವಿಗೊಟ್ಟು ಕೇಳ್ರಿ’ ಎಂದು ಹೇಳಿ ತಾನು ಕಂಬಕ್ಕೆ ಒರಗಿ ಫೋನು ನೋಡತೊಡಗಿದ. ಮೋಹನ್‌ಕುಮಾರ್ ನಾಣ್ಯದಿಂದ ಶುರುಮಾಡಿದ. ಯಾವಾಗಲೂ ಅಲ್ಲಿಂದಲೇ ಶುರುಮಾಡುವುದು. ಒಂದೇ ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದರೆ ಒಮ್ಮೆ ಹನ್ನೆರಡು ಸಲ ರಾಜ ಬೀಳಬಹುದು, ಇನ್ನೊಮ್ಮೆ ಎಂಟೇ ಸಲ ಬೀಳಬಹುದು, ಹಾಗೆಂದು ನಾಣ್ಯ ಬದಲಾಯಿತು ಎನ್ನಲಾಗುವುದಿಲ್ಲ. ಹಾಗೆಯೇ ಇಬ್ಬರ ಕೈಯಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಹಿಡಿದ ಮಾತ್ರಕ್ಕೆ ಕೈಗಳು ಬೇರೆ ಬೇರೆ ಎನ್ನಲಾಗುವುದಿಲ್ಲ. ಮಾತು ತಾನಾಗಿ ಬರುತ್ತಿತ್ತು. ಅವನ ದನಿಗೆ ಅವನೇ ಅಸಹ್ಯಪಟ್ಟುಕೊಳ್ಳುವಷ್ಟು ಸಲೀಸಾಗಿ ಬರುತ್ತಿತ್ತು. ಇಬ್ಬರು ಹೆಂಗಸರು ಆಕಳಿಸಿದರು. ಒಬ್ಬಳು ಕಾಲುಂಗುರ ತಿರುಗಿಸುತ್ತಿದ್ದಳು. ಏಕಾಂತಮ್ಮ ಮಾತ್ರ, ಸರಿಬಾರದ ಕಡ್ಡಿಯನ್ನು ನೋಡುತ್ತಿದ್ದಳಲ್ಲ, ಹಾಗೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಮುಗಿಸಿ ಬೆವರು ಒರೆಸಿಕೊಂಡಾಗ, ‘ಮೇಷ್ಟ್ರೇ, ಒಂದ್ಮಾತು ಕೇಳ್ಲಾ?’ ಎಂದಳು.

‘ಕೇಳಿ.’

‘ನೀವು ಅಂದಿದ್ದು ತಿಳೀತು. ಇಬ್ರುದೂ ಒಂದೇ ಕೈ ಆಗಿದ್ರೂ ಹಿಂಗೆ ಹದಿನಾರು ಹನ್ನೆರಡು ಬರಬೌದು. ಆಯ್ತು. ಆದ್ರೆ ನನ್ನ ಕೈ ನಿಜವಾಗ್ಲೂ ಬ್ಯಾರೆ ಇದ್ದಿದ್ರೆ, ಇಪ್ಪತ್ತು ಗಿಡದಾಗೆ ಅದು ನಿಮಗೆ ಗೊತ್ತಾಗ್ತಿತ್ತಾ?’

ಹೆಂಗಸರು ಯಾರೂ ಅಲುಗಾಡಲಿಲ್ಲ, ಅವರಿಗೆ ಅದೊಂದು ಪ್ರಶ್ನೆ ಅಷ್ಟೇ. ಮೋಹನ್‌ಕುಮಾರನಿಗೆ ಹಾಗಲ್ಲ. ಹತ್ತೊಂಬತ್ತು ವರ್ಷ, ವರ್ಷಕ್ಕೊಂದು ಸಲ, ಜನವರಿಯ ಕೊನೆಯ ವಾರದಲ್ಲಿ ಆ ಪಾಠ ಮುಗಿಸಿ, ಚಾಕ್‌ಪೀಸು ಕೆಳಗಿಟ್ಟು, ಏನಾದರೂ ಪ್ರಶ್ನೆ ಇದೆಯಾ ಎಂದು ಕೇಳಿ ಅವನು ಕಾದದ್ದು ಇದೊಂದಕ್ಕೇ. ಇದ್ದಿದ್ದರೆ ಕಾಣುತ್ತಿತ್ತೇ? ಇಡೀ ಅಧ್ಯಾಯದಲ್ಲಿ ಇರುವುದು ಇದೊಂದೇ ಮಾತು, ಉಳಿದದ್ದೆಲ್ಲ ಗುಣಾಕಾರ. ಒಬ್ಬನೂ ಕೇಳಿರಲಿಲ್ಲ. ಎಂ.ಎಸ್ಸಿ. ಓದುವಾಗ ಅವನೂ ಕೇಳಿರಲಿಲ್ಲ, ಬಾಯಿಪಾಠ ಮಾಡಿ ಬರೆದಿದ್ದ. ಈಗ ಅದು ಹುಣಸೆ ಕರೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸಹಿಯನ್ನು ನೆಟ್ಟಗೆ ಹಾಕಲು ಬಾರದ ಹೆಂಗಸಿನ ಬಾಯಿಂದ ಬಂದು ಅವನ ಎದುರಿಗೆ ಕೂತಿತ್ತು. ಎದ್ದು ಹೋಗಿ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ಅದರ ಬೆನ್ನಿಗೇ ಇವಳು ಯಾರು ಕೇಳುವುದಕ್ಕೆ ಎಂಬ ಸಿಟ್ಟು ಬಂತು, ಕೊಡ ಹೊತ್ತ ಹುಡುಗನ ಒದ್ದೆ ಅಂಗಿಯಿಂದ ಬಂತು. ಉತ್ತರ ಜೇಬಿನಲ್ಲಿತ್ತು, ನಾಲ್ಕು ಮಡಿಕೆಯಾಗಿ. ಇಪ್ಪತ್ತರಲ್ಲಿ ಗೊತ್ತಾಗುತ್ತಿರಲಿಲ್ಲ ಅಮ್ಮ, ಆದರೂ ಗೊತ್ತಾಗಿದೆ, ನಿಮ್ಮ ಕೈ ಬೇರೆಯೇ. ಇಷ್ಟು ಹೇಳಿದರೆ ಅವಳು ಚಾಕು ಹಿಡಿದು ತನ್ನ ಗೋಣಿಚೀಲಕ್ಕೆ ವಾಪಸು ಹೋಗುತ್ತಾಳೆ. ತಿಪ್ಪೇಶ್ ಫೋನಿನಿಂದ ತಲೆ ಎತ್ತಿ ಇವನನ್ನೇ ನೋಡಿದ. ಅವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ, ಉತ್ತರ ತಡವಾದದ್ದು ಅರ್ಥವಾಗಿತ್ತು. ಹಿಂದಿನ ಸಾಲಿನಲ್ಲಿ ಚೌಡೇಶ್ವರಿ ಸೆರಗಿನ ತುದಿ ಹಿಡಿದುಕೊಂಡು ಕತ್ತು ಚಾಚಿದ್ದಳು.

‘ಗೊತ್ತಾಗ್ತಿತ್ತು’ ಎಂದ ಮೋಹನ್‌ಕುಮಾರ್.

ಹೇಳಿದ ಮೇಲೆ ಅದು ಅಷ್ಟು ಕಷ್ಟವಾಗಿರಲಿಲ್ಲ ಅನ್ನಿಸಿತು. ‘ಆ ಲೆಕ್ಕಾನೂ ಮೊದಲೇ ಮಾಡಿರ್ತೀವಿ. ಇದ್ದಿದ್ರೆ ಖಂಡಿತ ಗೊತ್ತಾಗ್ತಿತ್ತು’ ಎಂದು ಇನ್ನೊಂದು ಸಲ, ಯಾರೂ ಕೇಳದಿದ್ದರೂ, ಹೇಳಿದ. ತಿಪ್ಪೇಶ್ ಮತ್ತೆ ಫೋನಿಗೆ ಇಳಿದ. ಚೌಡೇಶ್ವರಿಯ ಕಡೆ ನೋಡಬಾರದು ಎಂದುಕೊಂಡೇ ನೋಡಿದ. ಅವಳು ತನ್ನನ್ನು ಉಗಿಯುವ ಹಾಗೆ ನೋಡುತ್ತಿರುತ್ತಾಳೆ ಎಂದುಕೊಂಡಿದ್ದ, ಹಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಮುಖದಲ್ಲಿ ಭಾರ ಇಳಿದಂತಿತ್ತು. ಐದು ಗಿಡದಿಂದ ಏನೂ ಆಗಲ್ಲ ಎಂದ ಮೇಷ್ಟ್ರು ಈಗ ಎಲ್ಲರೆದುರಿಗೆ ಅದನ್ನೇ ಹೇಳಿದ್ದಾರೆ, ಹಾಗಾದರೆ ಏನೂ ಆಗಿಲ್ಲ. ನಂಬಿದ್ದಳು. ಎಲ್ಲರೂ ನಂಬಿದ್ದರು. ಮೂವತ್ತು ವರ್ಷ ಕಣ್ಣಾರೆ ಕಂಡದ್ದನ್ನು, ಕಾಲೇಜಿನವನೊಬ್ಬ ಕುರ್ಚಿಯ ಮೇಲೆ ಕೂತು ಒಂದು ಪದ ಅಂದ ಕೂಡಲೇ ಕೆಳಗಿಟ್ಟ ಈ ಜನವನ್ನು ಏನೆಂದು ಕರೆಯಬೇಕು ಎಂದು ಅವನು ಹಳೆಯ ಅಭ್ಯಾಸದಿಂದ ಹುಡುಕಿದ. ಯಾವ ಪದವೂ ಸಿಗಲಿಲ್ಲ.

ಏಕಾಂತಮ್ಮ ಜಗಳವಾಡಲಿಲ್ಲ, ಅಳಲೂ ಇಲ್ಲ. ಸೊಂಟದ ಚೀಲದಿಂದ ಕಸಿ ಚಾಕು ತೆಗೆದು, ಮಡಚಿ, ಪಕ್ಕದಲ್ಲಿದ್ದವಳ ಕೈಗೆ ಕೊಟ್ಟು, ‘ಚೌಡಿಗೆ ಕೊಡವ್ವ, ಚಾಕಿನ ಬಾಯಿ ಚೊಲೋ ಐತೆ’ ಎಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, ಹೊಸ ಕೆಲಸದ ಮೊದಲ ದಿನ ಹೇಗೆ ಮಾಡಬೇಕೆಂದು ತಿಳಿಸುವ ದನಿಯಲ್ಲೇ, ‘ಹಂಗಾರೆ ಇಷ್ಟು ವರ್ಷ ನಾನೇ ನಿಮ್ಮನ್ನೆಲ್ಲ ಸುಳ್ಳುಸುಳ್ಳೇ ನಂಬಿಸ್ಕಂಡು ಬಂದಂಗಾತು’ ಎಂದಳು. ‘ಅಯ್ಯ, ಬಿಡು ದೊಡ್ಡಮ್ಮ’ ಎಂದಳು ಯಾರೋ. ‘ಬಿಡೋದೇನು. ಮೊದಲ್ನೇ ಐದು ನಂಗೇ ಬಿಡ್ರಿ, ನನ್ನ ಕೈ ಆದ್ರೆ ಹಿಡೀತಾವೆ ಅಂತ ಎಲ್ಲರ ಕೆಲಸದಾಗೂ ಕೈ ಹಾಕ್ದೆ. ಹೊಳಲ್ಕೆರೆಯಿಂದ ಬಂದೋರ ಹತ್ರ ಬ್ಯಾರೆಯೋರ ಗಿಡ ಒಯ್ಯಬ್ಯಾಡ್ರಿ ಅಂದಿದೀನಿ, ನಿಮ್ಮ ಗಿಡಾನೇ. ಅದು ಪಾಪ ಅಲ್ವಾ.’ ಎದ್ದು, ಮೊಣಕಾಲು ಹಿಡಿದು ನೆಟ್ಟಗಾಗಿ, ಕುರ್ಚಿಯ ಮುಂದೆ ಬಂದು ನಿಂತಳು. ಕೈ ಜೋಡಿಸಿದಳು. ‘ನಿಮ್ಮ ಲೆಕ್ಕದ ಗಿಡಕ್ಕೂ ಹೋಗಿ ಕೈ ಹಾಕಿದೀನಿ ಮೇಷ್ಟ್ರೇ, ಈ ಹುಡ್ಗಿ ಇಪ್ಪತ್ತರಾಗೆ ಐದು ನಾನೇ ಹಾಕ್ದೆ. ಏನೋ ದೊಡ್ಡ ಕೈ ಅನ್ನೋ ಜಂಬ. ತಪ್ಪಾತು. ಮನಸ್ನಾಗೆ ಇಟ್ಕಬ್ಯಾಡ್ರಿ.’

ತಿಪ್ಪೇಶ್, ‘ಆತು, ಆತು, ಹೋಗಾಣ, ಕೆಲಸ ನೋಡಾಣ’ ಎಂದು ಚಪ್ಪಾಳೆ ತಟ್ಟಿದ. ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಏಕಾಂತಮ್ಮ ಇನ್ನೂ ಕೈ ಜೋಡಿಸಿಕೊಂಡೇ ಇದ್ದಳು, ಉತ್ತರ ಬರುವ ತನಕ ಹೋಗುವವಳಲ್ಲ.

‘ಇರ್ಲಿ ಬಿಡ್ರಿ ಏಕಾಂತಮ್ಮ’ ಎಂದು ಮೋಹನ್‌ಕುಮಾರ್ ಅವಳನ್ನು ಕ್ಷಮಿಸಿದ.